ಮಾತೃಕಾ ಮೊಮೆಂಟ್ ಸಮಸ್ಯೆಯ ಎಲ್ಲ ಉತ್ತರಗಳು

ಏತದ ಮರವನ್ನು ಕಣ್ಣಾರೆ ಕಂಡವರು ಈ ಸಭೆಯಲ್ಲಿ ಕೆಲವರಾದರೂ ಇರಬಹುದು. ಒಂದು ತುದಿಯಲ್ಲಿ ನೀರೆತ್ತುವ ಪಾತ್ರೆ, ಇನ್ನೊಂದು ತುದಿಯಲ್ಲಿ ಕಟ್ಟಿದ ಕಲ್ಲು, ನಡುವೆ ಮರಕ್ಕೆ ಆನಿಕೆಯಾಗಿ ನಿಂತ ಕಂಬ. ಅಲ್ಲಿ ಕಲ್ಲಿನ ಭಾರ ಎಷ್ಟು ಎಂಬುದೊಂದೇ ಲೆಕ್ಕಕ್ಕೆ ಬರುವುದಿಲ್ಲ, ಆನಿಕೆಯಿಂದ ಅದು ಎಷ್ಟು ದೂರದಲ್ಲಿದೆ ಎಂಬುದೂ ಬರುತ್ತದೆ. ಭಾರವನ್ನು ದೂರದಿಂದ ಗುಣಿಸಿದಾಗ ಸಿಗುವುದನ್ನು ಯಂತ್ರಶಾಸ್ತ್ರದಲ್ಲಿ ಮೊಮೆಂಟ್ ಎನ್ನುತ್ತಾರೆ. ದೂರದ ವರ್ಗದಿಂದ ಗುಣಿಸಿದರೆ ಜಡತ್ವದ ಮೊಮೆಂಟ್ ಸಿಗುತ್ತದೆ. ಯಂತ್ರಶಾಸ್ತ್ರ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ, ಗಣಿತ ನಿಲ್ಲುವುದಿಲ್ಲ. ದೂರದ ಘನದಿಂದ, ನಾಲ್ಕನೆಯ ಘಾತದಿಂದ, ಐದನೆಯದರಿಂದ ಗುಣಿಸುತ್ತ ಹೋದರೆ ಕೊನೆಯಿಲ್ಲದ ಒಂದು ಸಂಖ್ಯಾಪಟ್ಟಿ ಹುಟ್ಟುತ್ತದೆ. ನಾವು ಎತ್ತಿಕೊಳ್ಳುವ ಪ್ರಶ್ನೆ ಇದರ ತಿರುಗುಮುರುಗು: ಭಾರ ಎಲ್ಲೆಲ್ಲಿ ಎಷ್ಟೆಷ್ಟು ಹಂಚಿಕೊಂಡಿದೆ ಎಂಬುದು ಕಾಣುತ್ತಿಲ್ಲ, ಕೈಯಲ್ಲಿರುವುದು ಮೊಮೆಂಟುಗಳ ಪಟ್ಟಿ ಮಾತ್ರ. ಆ ಪಟ್ಟಿಯಿಂದ ಹಂಚಿಕೆಯನ್ನು ಕಂಡುಹಿಡಿಯಬಹುದೇ?

ಈ ಪ್ರಶ್ನೆಗೆ ಹೆಸರು ಕೊಟ್ಟವರು ಥಾಮಸ್ ಸ್ಟೀಲ್ಟ್ಯೆಸ್. ಡಚ್ ದೇಶದಲ್ಲಿ ಹುಟ್ಟಿ, ಡೆಲ್ಫ್ಟ್‌ನಲ್ಲಿ ಓದುವಾಗ ಪಠ್ಯವನ್ನು ಬದಿಗಿಟ್ಟು ಗ್ರಂಥಾಲಯದಲ್ಲಿ ಗೌಸ್ ಮತ್ತು ಯಾಕೋಬಿಯವರನ್ನು ಓದುತ್ತ ಕುಳಿತು, ಪರೀಕ್ಷೆಗಳಲ್ಲಿ ಸೋತು, ಲೈಡನ್ನಿನ ವೀಕ್ಷಣಾಲಯದಲ್ಲಿ ಲೆಕ್ಕ ಮಾಡುವ ಸಹಾಯಕರಾಗಿ ಸೇರಿದ ಈತ ಕೊನೆಗೆ ಫ್ರಾನ್ಸಿನ ಟುಲೂಸ್‌ನಲ್ಲಿ ಪ್ರಾಧ್ಯಾಪಕರಾದರು. ಸತತ ಭಿನ್ನರಾಶಿಗಳ ಕುರಿತು 1894ರಲ್ಲಿ ಪ್ರಕಟವಾಗತೊಡಗಿದ ಅವರ ಮಹಾಪ್ರಬಂಧದಲ್ಲಿ ಈ ಸಮಸ್ಯೆ ಸ್ಪಷ್ಟ ರೂಪ ಪಡೆಯಿತು. ಅದರ ಉಳಿದ ಭಾಗ ಅಚ್ಚಾಗುವ ಮೊದಲೇ, ತಮ್ಮ ಮೂವತ್ತೆಂಟನೆಯ ಹುಟ್ಟುಹಬ್ಬ ಕಳೆದ ಎರಡು ದಿನಕ್ಕೆ, ಅವರು ತೀರಿಕೊಂಡರು. ಅವರು ಭಾರವನ್ನು ಸೊನ್ನೆಯಿಂದ ಬಲಕ್ಕೆ, ಅರ್ಧರೇಖೆಯ ಮೇಲೆ ಮಾತ್ರ ಹರಡಿದ್ದರು. ಇಡೀ ರೇಖೆಯ ಮೇಲಿನ ಸಮಸ್ಯೆಯನ್ನು 1920-21ರಲ್ಲಿ ಹ್ಯಾನ್ಸ್ ಹ್ಯಾಂಬರ್ಗರ್ ಬಿಡಿಸಿದರು. ಹಾಗಾಗಿ ನಾವು ಮಾತಾಡುವ ರೂಪಕ್ಕೆ ಅವರ ಹೆಸರೇ ಅಂಟಿಕೊಂಡಿದೆ.

ಪಟ್ಟಿ ಒಂದೇ ಆಗಿದ್ದು ಹಂಚಿಕೆಗಳು ಹಲವು ಇರಬಹುದೇ ಎಂಬ ಅನುಮಾನ ನಿಮಗೆ ಬಂದಿರಬೇಕು. ಇರಬಹುದು ಎಂಬುದನ್ನು ಸ್ಟೀಲ್ಟ್ಯೆಸ್ ಅವರೇ ಉದಾಹರಣೆಯೊಂದಿಗೆ ತೋರಿಸಿದ್ದರು. ಅದಕ್ಕೆ ತೀರ ಹತ್ತಿರದ, ಸಂಖ್ಯಾಶಾಸ್ತ್ರ ಓದಿದವರಿಗೆ ಪರಿಚಿತವಾದ ಒಂದು ಉದಾಹರಣೆಯನ್ನು ನಾನು ತೆಗೆದುಕೊಳ್ಳುತ್ತೇನೆ. ಯಾವ ಪ್ರಮಾಣದ ಲಘುಗಣಕ ತೆಗೆದರೆ ಗಂಟೆಯಾಕಾರದ ಸಾಮಾನ್ಯ ಹಂಚಿಕೆ ಬರುತ್ತದೆಯೋ, ಅಂಥ ಪ್ರಮಾಣದ ಹಂಚಿಕೆಯನ್ನು ಲಾಗ್‌ನಾರ್ಮಲ್ ಎನ್ನುತ್ತೇವೆ. ಆ ಲಘುಗಣಕದ ಸರಾಸರಿ ಸೊನ್ನೆ, ವಿಚಲನೆ ಒಂದು ಎಂದಿಟ್ಟುಕೊಂಡರೆ ಲಾಗ್‌ನಾರ್ಮಲ್ ಹಂಚಿಕೆಯ ಎನ್‌ನೆಯ ಮೊಮೆಂಟ್, 2.718 ಎಂಬ ಆ ಪ್ರಸಿದ್ಧ ಆಧಾರಸಂಖ್ಯೆಯನ್ನು ಎನ್‌ನ ವರ್ಗದ ಅರ್ಧದಷ್ಟು ಘಾತಕ್ಕೆ ಏರಿಸಿದಾಗ ಸಿಗುವ ಬೆಲೆ. ಮೊದಲನೆಯದು ಸುಮಾರು 1.65, ಎರಡನೆಯದು 7.39, ಮೂರನೆಯದು 90, ನಾಲ್ಕನೆಯದು 2981. ಈಗ ಆ ಹಂಚಿಕೆಯ ಸಾಂದ್ರತೆಗೆ ಒಂದು ಅಲೆಯನ್ನು ಸೇರಿಸೋಣ: ಲಘುಗಣಕವನ್ನು 2π ಇಂದ ಗುಣಿಸಿ, ಅದರ ಸೈನ್ ತೆಗೆದು, ಅರ್ಧಕ್ಕಿಳಿಸಿ, ಒಂದಕ್ಕೆ ಕೂಡಿ, ಆ ಮೊತ್ತದಿಂದ ಮೂಲ ಸಾಂದ್ರತೆಯನ್ನು ಗುಣಿಸೋಣ. ಸಾಂದ್ರತೆ ಎಲ್ಲಿಯೂ ಋಣವಾಗುವುದಿಲ್ಲ, ಆದರೆ ಅದರ ಆಕಾರ ಎದ್ದು ಕಾಣುವಷ್ಟು ಬದಲಾಗುತ್ತದೆ. ಮೊಮೆಂಟುಗಳು ಮಾತ್ರ ಒಂದೂ ಅಲುಗುವುದಿಲ್ಲ. ಕಾರಣ ಸರಳ. ಎನ್‌ನೆಯ ಮೊಮೆಂಟನ್ನು ಲೆಕ್ಕ ಹಾಕುವಾಗ ಲಘುಗಣಕದ ಅಕ್ಷದ ಮೇಲೆ ಗಂಟೆಯ ನಡುಬಿಂದು ಎನ್ ಮನೆ ಬಲಕ್ಕೆ ಸರಿಯುತ್ತದೆ, ಎನ್ ಪೂರ್ಣಾಂಕವಾದ್ದರಿಂದ ಸೈನ್ ಅಲೆ ಸರಿದದ್ದನ್ನು ಗುರುತಿಸುವುದೇ ಇಲ್ಲ, ಮತ್ತು ಸಮಮಿತಿಯಿರುವ ಗಂಟೆಯ ಎದುರು ಸೈನ್‌ನ ಧನ ಭಾಗ ಋಣ ಭಾಗಗಳು ಒಂದನ್ನೊಂದು ಹೊಡೆದುಹಾಕುತ್ತವೆ.

ಇಷ್ಟೇ ಅಲ್ಲ. ಅದೇ ಆಧಾರಸಂಖ್ಯೆಯ ಪೂರ್ಣಾಂಕ ಘಾತಗಳಲ್ಲಿ, ಅಂದರೆ 1, 2.718, 7.389 ಹಾಗೂ ಎಡಕ್ಕೆ 0.368, 0.135 ಹೀಗೆ ಸಾಗುವ ಬಿಂದುಗಳಲ್ಲಿ ಮಾತ್ರ ತಕ್ಕ ಪ್ರಮಾಣದಲ್ಲಿ ಭಾರಗಳನ್ನಿಟ್ಟರೂ ಇದೇ ಮೊಮೆಂಟುಗಳು ಬರುತ್ತವೆ. ಒಂದು ಹಂಚಿಕೆ ನಯವಾದ ರೇಖೆ, ಇನ್ನೊಂದು ಅಲೆಯಲೆಯಾದದ್ದು, ಮತ್ತೊಂದು ಬಿಡಿಬಿಡಿ ಬಿಂದುಗಳು. ಪಟ್ಟಿ ಒಂದೇ. ಇಂಥ ಪಟ್ಟಿಯನ್ನು ಅನಿಶ್ಚಿತ ಎನ್ನುತ್ತೇವೆ, ಉತ್ತರ ಒಂದೇ ಇದ್ದರೆ ನಿಶ್ಚಿತ ಎನ್ನುತ್ತೇವೆ. ಅನಿಶ್ಚಿತವಾದಾಗ ಒಂದೆರಡು ಉತ್ತರಗಳನ್ನು ಹೀಗೆ ಜಾಣ್ಮೆಯಿಂದ ಹುಡುಕಿ ತೋರಿಸುವುದು ಸಂತೋಷದ ಕೆಲಸವೇ. ಆದರೆ ಎಲ್ಲ ಉತ್ತರಗಳನ್ನೂ, ಒಂದನ್ನೂ ಬಿಡದೆ ಒಂದನ್ನೂ ಎರಡು ಸಲ ಎಣಿಸದೆ, ಒಂದೇ ಸೂತ್ರದಲ್ಲಿ ಹಿಡಿಯುವುದು ಬೇರೆಯೇ ಕೆಲಸ. ಅದಕ್ಕೆ ಜಾಣ್ಮೆ ಸಾಲದು, ಒಂದು ರಚನೆ ಬೇಕು. ಆ ರಚನೆಯನ್ನು ಆಪರೇಟರ್ ಸಿದ್ಧಾಂತ, ಅಂದರೆ ಒಂದು ಸದಿಶವನ್ನು ಇನ್ನೊಂದಕ್ಕೆ ಒಯ್ಯುವ ನಿಯಮಗಳ ಸಿದ್ಧಾಂತ, ಒದಗಿಸುತ್ತದೆ ಎಂಬುದನ್ನೂ, ಸಂಖ್ಯೆಗಳ ಜಾಗದಲ್ಲಿ ಮಾತೃಕೆಗಳನ್ನು, ಅಂದರೆ ಸಾಲು ಕಂಬಗಳಾಗಿ ಜೋಡಿಸಿದ ಸಂಖ್ಯೆಗಳ ಚೌಕಗಳನ್ನು, ಕೂರಿಸಿದಾಗಲೇ ಅದರ ನಿಜವಾದ ಬೆಲೆ ತಿಳಿಯುತ್ತದೆ ಎಂಬುದನ್ನೂ ನಾನು ತೋರಿಸಬೇಕಾಗಿದೆ.

ಮೊದಲು, ಉತ್ತರ ಇರಲೇಬೇಕಾದರೆ ಪಟ್ಟಿ ಹೇಗಿರಬೇಕು? ಯಾವುದೇ ಬಹುಪದೋಕ್ತಿಯನ್ನು ತೆಗೆದುಕೊಂಡು, ಅದರ ನಿರಪೇಕ್ಷ ಮೌಲ್ಯದ ವರ್ಗವನ್ನು ಹಂಚಿಕೆಯ ಮೇಲೆ ಅನುಕಲಿಸಿದರೆ ಋಣ ಸಂಖ್ಯೆ ಬರಲು ಸಾಧ್ಯವಿಲ್ಲ. ಬಿಡಿಸಿ ಬರೆದರೆ ಆ ಅನುಕಲದಲ್ಲಿ ಮೊಮೆಂಟುಗಳಲ್ಲದೆ ಬೇರೇನೂ ಇರುವುದಿಲ್ಲ. ಮೊಮೆಂಟುಗಳನ್ನು ಕರ್ಣದ ಅಡ್ಡಕ್ಕೆ ಒಂದೇ ಬೆಲೆ ಬರುವಂತೆ ಜೋಡಿಸಿದ ಚೌಕವನ್ನು ಹ್ಯಾಂಕೆಲ್ ಮಾತೃಕೆ ಎನ್ನುತ್ತಾರೆ. ಅದು ಎಷ್ಟು ದೊಡ್ಡದಾದರೂ ಋಣವಲ್ಲದ ಮಾತೃಕೆಯಾಗಿರಬೇಕು, ಅಂದರೆ ಯಾವ ಸದಿಶವನ್ನು ಅದರ ಎರಡೂ ಬದಿಗಿಟ್ಟು ಗುಣಿಸಿದರೂ ಋಣ ಸಂಖ್ಯೆ ಬರಬಾರದು, ಎಂಬುದೇ ಇದರ ಅರ್ಥ. ಇದು ಅಗತ್ಯ ಎಂಬುದು ಎರಡು ಸಾಲಿನ ಮಾತು. ಇಷ್ಟೇ ಸಾಕು ಎಂಬುದು ಹ್ಯಾಂಬರ್ಗರ್ ಪ್ರಮೇಯ.

ಮಾತೃಕೆಗೆ ಬರೋಣ. ರೇಖೆಯ ಪ್ರತಿ ತುಂಡಿಗೂ ಒಂದು ಸಂಖ್ಯೆಯ ಬದಲು ಎನ್ ಸಾಲು ಎನ್ ಕಂಬಗಳ ಒಂದು ಹರ್ಮಿಷಿಯನ್ (ಕರ್ಣದ ಆಚೀಚೆ ಪರಸ್ಪರ ಸಂಯುಗ್ಮ ಸಂಖ್ಯೆಗಳಿರುವ), ಋಣವಲ್ಲದ ಮಾತೃಕೆಯನ್ನು ಭಾರವಾಗಿ ಕೊಡುತ್ತೇವೆ. ಇಲ್ಲಿಂದ ಮುಂದೆ ಎನ್ ಎಂದರೆ ಮಾತೃಕೆಯ ಗಾತ್ರ. ಮೊಮೆಂಟುಗಳೂ ಆಗ ಮಾತೃಕೆಗಳೇ. ಇದು ಬರಿಯ ಸಾಮಾನ್ಯೀಕರಣದ ಚಪಲವಲ್ಲ. ಒಂದೇ ಊರಿನ ತಾಪಮಾನವನ್ನೂ ವಾಯುಭಾರವನ್ನೂ ಒಟ್ಟಿಗೆ ದಾಖಲಿಸಿದಿರಿ ಎನ್ನಿ. ಯಾವ ಆವರ್ತನದಲ್ಲಿ ಯಾವುದರ ಏರಿಳಿತ ಎಷ್ಟು ಎಂಬುದು ಕರ್ಣದಲ್ಲಿ ಕೂರುತ್ತದೆ, ಇವೆರಡರ ನಡುವಿನ ಸಂಬಂಧ, ಒಂದು ಇನ್ನೊಂದಕ್ಕಿಂತ ಎಷ್ಟು ಹಿಂದೆ ಬೀಳುತ್ತದೆ ಎಂಬುದರ ಸಮೇತ, ಕರ್ಣದಾಚೆಯ ಸಂಕೀರ್ಣ ಸಂಖ್ಯೆಗಳಲ್ಲಿ ಕೂರುತ್ತದೆ. ಅಲ್ಲಿ ಘಾತಗಳ ಬದಲು ಸೈನ್ ಕೊಸೈನ್‌ಗಳ ಮೊಮೆಂಟುಗಳು ಬರುತ್ತವೆ, ಹಾಗಾಗಿ ಅದು ನಮ್ಮ ಸಮಸ್ಯೆಯೇ ಅಲ್ಲ, ಅದರ ಒಡಹುಟ್ಟು. ಆದರೆ ಮಾತೃಕೆ ಏಕೆ ಬೇಕು ಎಂಬುದಕ್ಕೆ ಆ ಚಿತ್ರ ಸಾಕು.

ಮಾತೃಕೆಯ ಒಂದೊಂದು ಸ್ಥಾನಕ್ಕೂ ಬೇರೆ ಬೇರೆಯಾಗಿ ಹಳೆಯ ಸಮಸ್ಯೆಯನ್ನೇ ಬಿಡಿಸಿ ಜೋಡಿಸಿದರಾಗದೇ ಎಂದು ಕೇಳಬಹುದು. ಆಗದು. ಎರಡು ಸಾಲು ಎರಡು ಕಂಬದ ಒಂದು ಉದಾಹರಣೆ ನೋಡಿ. ಕರ್ಣದ ಮೊದಲ ಸ್ಥಾನದ ಮೊಮೆಂಟುಗಳು 1, 0, 0, 0 ಹೀಗೇ ಕೊನೆಯವರೆಗೆ. ಎರಡನೆಯ ಸ್ಥಾನದವು 1, 1, 1, 1. ಮೊದಲನೆಯದಕ್ಕೆ ಉತ್ತರ ಒಂದೇ: ಸೊನ್ನೆಯ ಬಿಂದುವಿನಲ್ಲಿ ಒಂದು ಭಾರ. ಎರಡನೆಯದಕ್ಕೂ ಒಂದೇ: ಒಂದು ಎಂಬ ಬಿಂದುವಿನಲ್ಲಿ ಒಂದು ಭಾರ. ಕರ್ಣದಾಚೆಯ ಸ್ಥಾನದ ಸೊನ್ನೆಯ ಮೊಮೆಂಟ್, ಅಂದರೆ ಒಟ್ಟು ಭಾರ, ಅರ್ಧ ಎಂದುಕೊಳ್ಳೋಣ, ಉಳಿದವು ನಿಮಗೆ ಬೇಕಾದ ಹಾಗೆ ಇರಲಿ. ಸೊನ್ನೆಯ ಮೊಮೆಂಟ್ ಮಾತೃಕೆಯನ್ನು ಮಾತ್ರ ನೋಡಿದರೆ ಕರ್ಣದಲ್ಲಿ ಒಂದೊಂದು, ಆಚೆ ಅರ್ಧರ್ಧ, ನಿಸ್ಸಂಶಯವಾಗಿ ಧನ ಮಾತೃಕೆ. ಯಾವ ದೋಷವೂ ಕಾಣದು. ಆದರೂ ಈ ಸಮಸ್ಯೆಗೆ ಉತ್ತರವೇ ಇಲ್ಲ. ಏಕೆ ಇಲ್ಲ ಎಂಬುದನ್ನು ಈಗ ಹೇಳುವುದಿಲ್ಲ, ಆಪರೇಟರ್ ಕೈಗೆ ಬಂದ ಮೇಲೆ ಎರಡೇ ವಾಕ್ಯಗಳಲ್ಲಿ ಹೇಳಿಬಿಡುತ್ತೇನೆ.

ಆ ಆಪರೇಟರ್ ಹುಟ್ಟುವ ಬಗೆ ಹೀಗೆ. ಸದಿಶಗಳ ಒಂದು ಸಾಲನ್ನು ಕಲ್ಪಿಸಿಕೊಳ್ಳಿ. ಮೊದಲ ಎನ್ ಸದಿಶಗಳು ಸೊನ್ನೆಯ ಮಹಡಿ, ಮುಂದಿನ ಎನ್ ಸದಿಶಗಳು ಒಂದನೆಯ ಮಹಡಿ, ಹೀಗೆ ಮೇಲೇರುತ್ತ ಹೋಗುವ ಕಟ್ಟಡ. ಯಾವುದೇ ಎರಡು ಸದಿಶಗಳ ಅದಿಶ ಗುಣಲಬ್ಧ ಎಷ್ಟು? ಅವುಗಳ ಮಹಡಿಗಳ ಸಂಖ್ಯೆಗಳನ್ನು ಕೂಡಿ, ಅಷ್ಟನೆಯ ಮೊಮೆಂಟ್ ಮಾತೃಕೆಯನ್ನು ತೆಗೆದು, ಮಹಡಿಯೊಳಗೆ ಅವೆರಡರ ಕೋಣೆಗಳು ಎಷ್ಟನೆಯವೋ ಆ ಸಾಲು ಕಂಬದಲ್ಲಿರುವ ಸಂಖ್ಯೆಯನ್ನು ಓದಿಕೊಳ್ಳಿ. ಹ್ಯಾಂಕೆಲ್ ಚೌಕ ಋಣವಲ್ಲ ಎಂಬ ಷರತ್ತು ಇದನ್ನು ನಿಜವಾದ ಅದಿಶ ಗುಣಲಬ್ಧವನ್ನಾಗಿ ಮಾಡುತ್ತದೆ. ಉದ್ದ ಸೊನ್ನೆಯಾದ ಸಂಯೋಜನೆಗಳನ್ನು ಸೊನ್ನೆಯೆಂದೇ ಎಣಿಸಿ, ಸೀಮಾಬಿಂದುಗಳನ್ನು ತುಂಬಿಸಿದರೆ ಒಂದು ಹಿಲ್ಬರ್ಟ್ ಆಕಾಶ ಸಿದ್ಧ. ಗಮನಿಸಿ, ಹಂಚಿಕೆ ಯಾವುದು ಎಂದು ಇನ್ನೂ ಗೊತ್ತಿಲ್ಲ, ಅಂಥದ್ದೊಂದು ಇದೆ ಎಂದೂ ಗೊತ್ತಿಲ್ಲ. ಆಕಾಶ ಮಾತ್ರ ಪಟ್ಟಿಯೊಂದರಿಂದಲೇ ಎದ್ದು ನಿಂತಿದೆ.

ಈ ಆಕಾಶದಲ್ಲಿ ಪ್ರತಿ ಸದಿಶವನ್ನೂ ಒಂದು ಮಹಡಿ ಮೇಲಕ್ಕೆ, ಅದೇ ಕೋಣೆಗೆ, ಒಯ್ಯುವ ಆಪರೇಟರ್ ಒಂದಿದೆ. ಇದನ್ನು ನಾನು ಜರುಗಿಕೆ ಎಂದು ಕರೆಯುತ್ತೇನೆ. ಅದಿಶ ಗುಣಲಬ್ಧ ಮಹಡಿಗಳ ಮೊತ್ತವನ್ನು ಮಾತ್ರ ನೋಡುವುದರಿಂದ, ಎಡಗಡೆಯ ಸದಿಶವನ್ನು ಮೇಲೇರಿಸಿದರೂ ಬಲಗಡೆಯದನ್ನು ಮೇಲೇರಿಸಿದರೂ ಬೆಲೆ ಒಂದೇ. ಅಂದರೆ ಜರುಗಿಕೆ ಸಮಮಿತಿಯುಳ್ಳ ಆಪರೇಟರ್. ಸೊನ್ನೆಯೆಂದು ಎಣಿಸಿದ ಸಂಯೋಜನೆಯನ್ನು ಮೇಲೇರಿಸಿದರೆ ಸೊನ್ನೆಯೇ ಬರುತ್ತದೆಯೇ ಎಂಬ ಸಂದೇಹಕ್ಕೂ ಇಲ್ಲೇ ಉತ್ತರವಿದೆ: ಮೇಲೇರಿಸಿದ್ದರ ಉದ್ದದ ವರ್ಗವೆಂದರೆ, ಎರಡು ಸಲ ಮೇಲೇರಿಸಿದ್ದಕ್ಕೂ ಮೂಲಕ್ಕೂ ಇರುವ ಗುಣಲಬ್ಧ, ಮೂಲ ಸೊನ್ನೆಯಾದ್ದರಿಂದ ಅದೂ ಸೊನ್ನೆ.

ಈಗ ಬಾಕಿ ಉಳಿಸಿಕೊಂಡಿದ್ದ ಉದಾಹರಣೆ. ಅಲ್ಲಿ ಸೊನ್ನೆಯ ಮಹಡಿಯ ಮೊದಲ ಸದಿಶವನ್ನು ಜರುಗಿಸಿದರೆ ಸಿಗುವುದರ ಉದ್ದದ ವರ್ಗ ಆ ಸ್ಥಾನದ ಎರಡನೆಯ ಮೊಮೆಂಟ್, ಅಂದರೆ ಸೊನ್ನೆ, ಆದ್ದರಿಂದ ಆ ಸದಿಶ ಸೊನ್ನೆ ಎಂಬ ಐಗನ್ ಬೆಲೆಯ ಐಗನ್ ಸದಿಶ (ಆಪರೇಟರ್ ಅದನ್ನು ಆ ಬೆಲೆಯಿಂದ ಗುಣಿಸುತ್ತದೆ, ಅಷ್ಟೇ), ಮತ್ತು ಇದೇ ಲೆಕ್ಕದಿಂದ ಎರಡನೆಯ ಸದಿಶ ಒಂದು ಎಂಬ ಐಗನ್ ಬೆಲೆಯದು. ಸಮಮಿತಿಯುಳ್ಳ ಆಪರೇಟರಿನಲ್ಲಿ ಬೇರೆ ಬೇರೆ ಐಗನ್ ಬೆಲೆಗಳ ಸದಿಶಗಳು ಪರಸ್ಪರ ಲಂಬವಾಗಿರಲೇಬೇಕು, ಆದರೆ ಅವುಗಳ ಗುಣಲಬ್ಧ ಅರ್ಧ ಎಂದು ನಾವು ಬರೆದಿಟ್ಟಿದ್ದೇವೆ. ಹೇಳಿದಂತೆ ಎರಡೇ ವಾಕ್ಯ. ಹ್ಯಾಂಕೆಲ್ ಚೌಕದ ನಿರ್ಧಾರಕಗಳನ್ನು ಲೆಕ್ಕ ಹಾಕಿಯೂ ಇಲ್ಲಿಗೇ ಬರಬಹುದು, ಆದರೆ ಏಕೆ ಎಂಬುದು ಹಾಗೆ ತಿಳಿಯುವುದಿಲ್ಲ.

ಸಮಮಿತಿ ಇದ್ದ ಮಾತ್ರಕ್ಕೆ ಆಪರೇಟರ್ ಸೆಲ್ಫ್ ಅಡ್ಜಾಯಿಂಟ್, ಅಂದರೆ ಗುಣಲಬ್ಧದ ಇನ್ನೊಂದು ಬದಿಗೆ ಸಾಗಿಸಿದಾಗ ಸಿಗುವ ಆಪರೇಟರಿಗೆ ವ್ಯಾಪ್ತಿಯಲ್ಲೂ ಸಮವಾದದ್ದು, ಆಗಿಬಿಡುವುದಿಲ್ಲ. ಪರಿಮಿತ ಆಯಾಮದಲ್ಲಿ ಇವೆರಡೂ ಒಂದೇ ಆದ್ದರಿಂದ ನಮ್ಮ ವಿದ್ಯಾರ್ಥಿಗಳು ಈ ವ್ಯತ್ಯಾಸವನ್ನು ಮೊದಲ ಸಲ ಕಂಡಾಗ ಅದನ್ನು ವಕೀಲರ ತಕರಾರು ಎಂದುಕೊಳ್ಳುತ್ತಾರೆ. ತಕರಾರಲ್ಲ. ಸೆಲ್ಫ್ ಅಡ್ಜಾಯಿಂಟ್ ಆಪರೇಟರಿಗೆ ಸ್ಪೆಕ್ಟ್ರಲ್ ಪ್ರಮೇಯವಿದೆ: ರೇಖೆಯ ಪ್ರತಿ ತುಂಡಿಗೂ ಅದು ಒಂದು ಪ್ರಕ್ಷೇಪವನ್ನು ಕೊಡುತ್ತದೆ. ಆ ಪ್ರಕ್ಷೇಪವನ್ನು ಸೊನ್ನೆಯ ಮಹಡಿಯ ಎನ್ ಸದಿಶಗಳ ನಡುವೆ ಇಟ್ಟು ಗುಣಲಬ್ಧಗಳನ್ನು ಓದಿಕೊಂಡರೆ ಎನ್ ಸಾಲು ಎನ್ ಕಂಬದ ಒಂದು ಮಾತೃಕೆ ಸಿಗುತ್ತದೆ, ಮತ್ತು ಅದೇ ನಾವು ಹುಡುಕುತ್ತಿದ್ದ ಭಾರದ ಹಂಚಿಕೆ. ಜರುಗಿಕೆಗೆ ನೇರವಾಗಿ ಈ ಪ್ರಮೇಯ ದಕ್ಕದಿದ್ದರೆ, ಅದನ್ನು ಸೆಲ್ಫ್ ಅಡ್ಜಾಯಿಂಟ್ ಆಪರೇಟರಾಗಿ ವಿಸ್ತರಿಸಬೇಕು. ಆಕಾಶದೊಳಗೇ ವಿಸ್ತರಿಸಲು ಬಾರದಿದ್ದರೆ ಹೊರಗೆ ಇನ್ನೂ ದೊಡ್ಡ ಆಕಾಶವನ್ನು ಕಟ್ಟಿ ಅಲ್ಲಿ ವಿಸ್ತರಿಸಬೇಕು. ಹೊರಗೆ ಹೋದರೆ ಇದು ಯಾವಾಗಲೂ ಸಾಧ್ಯ, ಹಾಗಾಗಿ ಹ್ಯಾಂಬರ್ಗರ್ ಪ್ರಮೇಯದ ಮಾತೃಕಾ ರೂಪವೂ ಇಲ್ಲೇ ಸಾಧಿತವಾಗಿಹೋಯಿತು.

ಎಲ್ಲ ಉತ್ತರಗಳೂ ಹೀಗೆಯೇ ಬರುತ್ತವೆಯೇ? ಬರುತ್ತವೆ, ಮತ್ತು ಕಾರಣ ಸೊಗಸಾಗಿದೆ. ಯಾರೋ ಒಂದು ಉತ್ತರವನ್ನು ತಂದು ಕೊಟ್ಟರು ಎನ್ನಿ. ಆ ಹಂಚಿಕೆಯ ಮೇಲೆ ವರ್ಗ ಅನುಕಲನೀಯವಾದ ಸದಿಶ ಫಂಕ್ಷನ್‌ಗಳ ಆಕಾಶವನ್ನು ಕಟ್ಟಿ. ಅದರೊಳಗೆ ಬಹುಪದೋಕ್ತಿಗಳು ಆಕ್ರಮಿಸಿಕೊಂಡ ಭಾಗ ನಮ್ಮ ಮಹಡಿಗಳ ಆಕಾಶದ ತದ್ರೂಪ. ಅಲ್ಲಿ ಚಲಾಂಶದಿಂದ ಗುಣಿಸುವುದು ಜರುಗಿಕೆಯೇ. ಇಡೀ ಆಕಾಶದಲ್ಲಿ ಅದೇ ಗುಣಾಕಾರ ಸೆಲ್ಫ್ ಅಡ್ಜಾಯಿಂಟ್. ಅಂದರೆ ಪ್ರತಿ ಉತ್ತರವೂ ತನ್ನ ವಿಸ್ತರಣೆಯನ್ನು ತಾನೇ ಹೊತ್ತು ತಂದಿರುತ್ತದೆ. ಹೊರಗಿನ ಆಕಾಶಗಳು ಬೇರೆಯಾಗಿದ್ದೂ ಒಳಗಿನಿಂದ ನೋಡಿದಾಗ ಒಂದೇ ಪರಿಣಾಮ ತೋರುವ ವಿಸ್ತರಣೆಗಳಿರಬಹುದು, ಅವನ್ನು ಒಂದೇ ಎಂದು ಎಣಿಸಿದರೆ ಉತ್ತರಗಳಿಗೂ ವಿಸ್ತರಣೆಗಳಿಗೂ ಒಂದಕ್ಕೊಂದು ಹೊಂದಾಣಿಕೆ ಏರ್ಪಡುತ್ತದೆ. ಮೊಮೆಂಟ್ ಸಮಸ್ಯೆ ಇಲ್ಲಿಗೆ ಕಣ್ಮರೆಯಾಯಿತು. ಉಳಿದದ್ದು, ಒಂದು ಸಮಮಿತಿಯುಳ್ಳ ಆಪರೇಟರಿನ ವಿಸ್ತರಣೆಗಳೆಲ್ಲವನ್ನೂ ಪಟ್ಟಿ ಮಾಡುವ ಕೆಲಸ.

ಆ ಕೆಲಸಕ್ಕೆ ಅಡಿಪಾಯ ಹಾಕಿದವರು 1929ರ ಹೊತ್ತಿಗೆ ಜಾನ್ ಫಾನ್ ನಾಯ್ಮನ್. ಅವರ ಕಣ್ಣು ಇದ್ದದ್ದು ಕ್ವಾಂಟಂ ಯಂತ್ರಶಾಸ್ತ್ರದ ಮೇಲೆ. ಅವರ ಉಪಾಯವೆಂದರೆ, ಪರಿಮಿತಿಯಿಲ್ಲದ ಸಮಮಿತಿಯ ಆಪರೇಟರನ್ನು ಕೇಲಿ ಪರಿವರ್ತನೆಯ ಮೂಲಕ ಉದ್ದ ಉಳಿಸುವ ಒಂದು ಸಾಧು ಆಪರೇಟರಾಗಿ ಬದಲಿಸುವುದು. ಜರುಗಿಕೆಗೆ ಕಾಲ್ಪನಿಕ ಏಕಮಾನವನ್ನು (√−1) ಕೂಡಿದಾಗ ಸಿಗುವ ಸದಿಶಗಳು ಒಂದು ಕಡೆ, ಕಳೆದಾಗ ಸಿಗುವ ಸದಿಶಗಳು ಇನ್ನೊಂದು ಕಡೆ. ಮೊದಲನೆಯ ಗುಂಪನ್ನು ಎರಡನೆಯದರ ಮೇಲೆ ಉದ್ದ ಕೆಡದಂತೆ ಕೂರಿಸಬಹುದು. ಆ ಗುಂಪುಗಳು ಇಡೀ ಆಕಾಶವನ್ನು ತುಂಬದೆ ಉಳಿಸಿದ ಲಂಬ ಭಾಗಗಳ ಆಯಾಮಗಳನ್ನು ಕೊರತೆಗಳು ಎನ್ನೋಣ, ಒಂದು ಮೇಲಿನ ಕೊರತೆ, ಒಂದು ಕೆಳಗಿನ ಕೊರತೆ. ನಮ್ಮ ಸಮಸ್ಯೆಯಲ್ಲಿ ಎರಡೂ ಎನ್ ಅನ್ನು ಮೀರುವಂತಿಲ್ಲ, ಅದನ್ನು ಕಾಣಲು ದೊಡ್ಡ ಸಿದ್ಧಾಂತವೇನೂ ಬೇಡ. ಮೊದಲ ಗುಂಪಿಗೆ ಸೇರಿದ್ದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಆಗ ಯಾವುದೇ ಮಹಡಿಯ ಸದಿಶವೂ ಅದರ ಕೆಳಗಿನ ಮಹಡಿಯ ಅದೇ ಕೋಣೆಯ ಸದಿಶದ ಒಂದು ಗುಣಕವಾಗುತ್ತದೆ. ಮೆಟ್ಟಿಲಿಳಿಯುತ್ತ ಬಂದರೆ ಎಲ್ಲವೂ ಸೊನ್ನೆಯ ಮಹಡಿಗೆ ಬಂದು ನಿಲ್ಲುತ್ತದೆ, ಅಲ್ಲಿರುವುದು ಎನ್ ಕೋಣೆಗಳು ಮಾತ್ರ.

ಎರಡು ಕೊರತೆಗಳೂ ಸಮನಾಗಿದ್ದರೆ ಒಂದನ್ನು ಇನ್ನೊಂದರ ಮೇಲೆ ಯೂನಿಟರಿ (ಉದ್ದ ಕೆಡದಂತೆ, ಏನೂ ಬಿಡದಂತೆ ಹೊದಿಸುವ) ಆಪರೇಟರಿನಿಂದ ಹೊದಿಸಿ, ಆಕಾಶದೊಳಗೇ ವಿಸ್ತರಣೆ ಮುಗಿಸಬಹುದು. ಇಂಥ ಉತ್ತರಗಳನ್ನು ಕ್ಯಾನಾನಿಕಲ್ ಉತ್ತರಗಳು ಎನ್ನುತ್ತಾರೆ, ಬಹುಪದೋಕ್ತಿಗಳು ಇಡೀ ಆಕಾಶವನ್ನು ದಟ್ಟವಾಗಿ ತುಂಬುವುದು ಇವುಗಳ ಗುರುತು. ಸಂಖ್ಯೆಗಳ ಅನಿಶ್ಚಿತ ಸಮಸ್ಯೆಯಲ್ಲಿ ಎರಡೂ ಕೊರತೆಗಳು ಒಂದೊಂದು, ಯೂನಿಟರಿ ಎಂದರೆ ವೃತ್ತದ ಮೇಲಿನ ಒಂದು ಬಿಂದು, ಹಾಗಾಗಿ ಕ್ಯಾನಾನಿಕಲ್ ಉತ್ತರಗಳು ಒಂದು ವೃತ್ತದಷ್ಟು. ಅವೆಲ್ಲವೂ ಬಿಡಿ ಬಿಂದುಗಳಲ್ಲಿ ಭಾರ ಹೊತ್ತವು, ಮತ್ತು ವಾಸ್ತವ ರೇಖೆಯ ಪ್ರತಿ ಬಿಂದುವೂ ಅವುಗಳಲ್ಲಿ ಸರಿಯಾಗಿ ಒಂದರ ಪಾಲಿಗೆ ಬರುತ್ತದೆ. ಲಾಗ್‌ನಾರ್ಮಲ್‌ನ ನಯವಾದ ಸಾಂದ್ರತೆಯಾಗಲಿ ಅಲೆಯ ಸಾಂದ್ರತೆಯಾಗಲಿ ಆ ವೃತ್ತದ ಮೇಲಿಲ್ಲ ಎಂಬುದು ಇದರಿಂದಲೇ ಸ್ಪಷ್ಟ. ಆಧಾರಸಂಖ್ಯೆಯ ಘಾತಗಳ ಮೇಲೆ ಭಾರವಿಟ್ಟ ಮೂರನೆಯ ಉತ್ತರ ವೃತ್ತದ ಮೇಲಿದ್ದೀತು ಎನ್ನಿಸಬಹುದು, ಅದೂ ಇಲ್ಲ. ಕ್ಯಾನಾನಿಕಲ್ ಉತ್ತರದ ಬಿಂದುಗಳು ಯಾವ ಪರಿಮಿತ ಜಾಗದಲ್ಲಿಯೂ ಕಿಕ್ಕಿರಿಯುವಂತಿಲ್ಲ, ಇವಾದರೋ ಸೊನ್ನೆಯ ಬಳಿ ರಾಶಿ ಬಿದ್ದಿವೆ.

ಈಗ ಮಾತೃಕೆಯ ವಿಶೇಷಕ್ಕೆ ಬರುತ್ತೇನೆ. ನನ್ನ ದೃಷ್ಟಿಯಲ್ಲಿ ಈ ವಿಷಯದ ತಿರುಳು ಇಲ್ಲಿದೆ. ಸಂಖ್ಯೆಗಳ ಸಮಸ್ಯೆಯಲ್ಲಿ ಎರಡು ಕೊರತೆಗಳು ಸದಾ ಸಮ, ಎರಡೂ ಸೊನ್ನೆ ಅಥವಾ ಎರಡೂ ಒಂದು. ಮೊಮೆಂಟುಗಳು ವಾಸ್ತವ ಸಂಖ್ಯೆಗಳಾದ್ದರಿಂದ, ಸಂಯೋಜನೆಗಳ ಗುಣಕಗಳನ್ನು ಮಾತ್ರ ಸಂಯುಗ್ಮಕ್ಕೆ ಬದಲಿಸುವ ಕನ್ನಡಿಯೊಂದು ಆಕಾಶದಲ್ಲಿದೆ, ಅದು ಜರುಗಿಕೆಯನ್ನು ಕದಲಿಸದೆ ಮೇಲಿನ ಕೊರತೆಯನ್ನು ಕೆಳಗಿನದಕ್ಕೆ ಪ್ರತಿಫಲಿಸುತ್ತದೆ. ಮೊಮೆಂಟ್ ಮಾತೃಕೆಗಳೆಲ್ಲ ವಾಸ್ತವ ಸಂಖ್ಯೆಗಳಿಂದಲೇ ಆಗಿದ್ದರೂ ಆ ಕನ್ನಡಿ ಉಳಿಯುತ್ತದೆ. ಆದರೆ ಕರ್ಣದಾಚೆ ನಿಜವಾದ ಸಂಕೀರ್ಣ ಸಂಖ್ಯೆಗಳು ಬಂದ ಕೂಡಲೇ ಕನ್ನಡಿ ಒಡೆಯಬಹುದು. ಎರಡು ಸಾಲು ಎರಡು ಕಂಬದ ಸಮಸ್ಯೆಯಲ್ಲಿಯೇ ಒಂದು ಕೊರತೆ ಸೊನ್ನೆ, ಇನ್ನೊಂದು ಒಂದು ಆಗಿರಲು ಸಾಧ್ಯ. ಹಾಗೆಂದು ಯಾವ ಜೋಡಿ ಬೇಕಾದರೂ ಬರುವುದಿಲ್ಲ: ಒಂದು ಕೊರತೆ ಗರಿಷ್ಠವಾದ ಎನ್ ಅನ್ನು ಮುಟ್ಟಿದರೆ ಇನ್ನೊಂದೂ ಮುಟ್ಟಲೇಬೇಕು.

ಸೊನ್ನೆ ಮತ್ತು ಒಂದು ಎಂಬ ಆ ಜೋಡಿಯನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡೋಣ. ಆಕಾಶದೊಳಗೆ ವಿಸ್ತರಣೆ ಅಸಾಧ್ಯ, ಏಕೆಂದರೆ ಒಂದು ಆಯಾಮದ ಜಾಗವನ್ನು ಸೊನ್ನೆ ಆಯಾಮದ ಮೇಲೆ ಉದ್ದ ಕೆಡದಂತೆ ಕೂರಿಸಲಾಗದು. ಹೊರಗೆ ಹೋಗಲೇಬೇಕು. ಆದರೆ ಹೊರಗೆ ಹೇಗೆ ಹೋದರೂ ಒಳಗಿನಿಂದ ಕಾಣುವ ಪರಿಣಾಮ ಒಂದೇ. ಆದ್ದರಿಂದ ಸಮಸ್ಯೆ ನಿಶ್ಚಿತ, ಉತ್ತರ ಒಂದೇ. ಇಷ್ಟಾದರೂ ಜರುಗಿಕೆ ಸೆಲ್ಫ್ ಅಡ್ಜಾಯಿಂಟ್ ಅಲ್ಲ, ಮತ್ತು ಆ ಏಕೈಕ ಉತ್ತರದ ಆಕಾಶವನ್ನು ಬಹುಪದೋಕ್ತಿಗಳು ತುಂಬುವುದಿಲ್ಲ. ಸಂಖ್ಯೆಗಳ ಸಮಸ್ಯೆಯಲ್ಲಿ ಬೆಳೆದವರಿಗೆ ಇದು ನಂಬಲು ಕಷ್ಟವಾದ ಮಾತು. ಅಲ್ಲಿ ಉತ್ತರ ಒಂದೇ ಆಗಿರುವುದು ಮತ್ತು ಆಪರೇಟರ್ ಸೆಲ್ಫ್ ಅಡ್ಜಾಯಿಂಟ್ ಆಗಿರುವುದು ಒಂದೇ ಸಂಗತಿಯ ಎರಡು ಹೆಸರುಗಳು, ನಿಶ್ಚಿತವಾದ ಉತ್ತರದಲ್ಲಿ ಬಹುಪದೋಕ್ತಿಗಳು ದಟ್ಟವಾಗಿ ತುಂಬಿಯೇ ಇರುತ್ತವೆ. ಮಾತೃಕೆಗೆ ಬಂದಾಗ ಈ ಎರಡು ಹೆಸರುಗಳು ಬೇರೆ ಬೇರೆ ಸಂಗತಿಗಳಿಗೆ ಸೇರಿದವು ಎಂದು ತಿಳಿಯುತ್ತದೆ. ಉತ್ತರ ಒಂದೇ ಆಗಲು ಎರಡು ಕೊರತೆಗಳಲ್ಲಿ ಯಾವುದಾದರೊಂದು ಸೊನ್ನೆಯಾದರೆ ಸಾಕು, ಸೆಲ್ಫ್ ಅಡ್ಜಾಯಿಂಟ್ ಆಗಲು ಎರಡೂ ಸೊನ್ನೆಯಾಗಬೇಕು.

ಹೊರಗೆ ಹೋಗುವ ವಿಸ್ತರಣೆಗಳ ಸಿದ್ಧಾಂತವನ್ನು 1940ರ ದಶಕದ ಆರಂಭದಲ್ಲಿ ಮಾರ್ಕ್ ನೈಮಾರ್ಕ್ ಕಟ್ಟಿದರು. ಮಾತೃಕಾ ಮೊಮೆಂಟ್ ಸಮಸ್ಯೆಯನ್ನು ಅದೇ ದಶಕದ ಕೊನೆಯಲ್ಲಿ ಎತ್ತಿಕೊಂಡವರು ಒಡೆಸ್ಸಾದ ಮಾರ್ಕ್ ಕ್ರೈನ್. ಈ ವಿದ್ಯೆಯ ಬಹುಪಾಲು ಕಪ್ಪು ಸಮುದ್ರದ ಒಡೆಸ್ಸಾ ಮತ್ತು ಗಣಿತಜ್ಞ ಅಖೀಜರ್ ಪಾಠ ಹೇಳುತ್ತಿದ್ದ ಖಾರ್ಕಿವ್ ನಗರಗಳಲ್ಲಿ ಬೆಳೆಯಿತು. ಎಲ್ಲ ವಿಸ್ತರಣೆಗಳನ್ನೂ, ಒಳಗಿನವು ಹೊರಗಿನವು ಎಂಬ ಭೇದವಿಲ್ಲದೆ, ಒಂದೇ ಸೂತ್ರಕ್ಕೆ ತಂದವರು ಎ. ವಿ. ಶ್ತ್ರಾಉಸ್, 1954ರಲ್ಲಿ. ಅವರ ಸೂತ್ರದ ಭಾವ ಹೀಗಿದೆ. ಒಳಗಿನ ವಿಸ್ತರಣೆಯಲ್ಲಿ ಮೇಲಿನ ಕೊರತೆಯನ್ನು ಕೆಳಗಿನದಕ್ಕೆ ಯೂನಿಟರಿಯೊಂದರಿಂದ ಜೋಡಿಸಿದೆವಲ್ಲ, ಆ ಯೂನಿಟರಿಯ ಜಾಗದಲ್ಲಿ ಉದ್ದವನ್ನು ಹೆಚ್ಚಿಸದ ಯಾವುದೇ ಸಂಕೋಚಕ ಆಪರೇಟರನ್ನು ಇಡಿ. ಅದೂ ಸ್ಥಿರವಾಗಿರಬೇಕಿಲ್ಲ, ಸಂಕೀರ್ಣ ಸಂಖ್ಯೆಗಳ ಮೇಲಿನ ಅರ್ಧ ಸಮತಲದ ಬಿಂದುವಿನೊಂದಿಗೆ ಅನಲಿಟಿಕ್ ಆಗಿ, ಅಂದರೆ ಘಾತ ಶ್ರೇಢಿಯಾಗಿ ಬಿಡಿಸಬಹುದಾದಂತೆ, ಬದಲಾಗುತ್ತ ಹೋಗಲಿ. ಪ್ರತಿ ಬಿಂದುವಿನಲ್ಲಿಯೂ ಆಗ ಸಿಗುವ ವಿಸ್ತರಣೆಯ ರಿಸಾಲ್ವೆಂಟನ್ನು (ಅದರಿಂದ ಆ ಬಿಂದುವನ್ನು ಕಳೆದು ತೆಗೆದ ವಿಲೋಮವನ್ನು) ತೆಗೆದು ಸೊನ್ನೆಯ ಮಹಡಿಯ ಎನ್ ಸದಿಶಗಳ ನಡುವೆ ಓದಿಕೊಂಡರೆ, ಒಂದು ಉತ್ತರದ ಸ್ಟೀಲ್ಟ್ಯೆಸ್ ಪರಿವರ್ತನೆ, ಅಂದರೆ ಭಾರದ ಸ್ಥಾನದಿಂದ ಆ ಬಿಂದುವನ್ನು ಕಳೆದು ಅದರ ವಿಲೋಮವನ್ನು ಹಂಚಿಕೆಯ ಮೇಲೆ ಅನುಕಲಿಸಿದ ಬೆಲೆ, ಸಿಗುತ್ತದೆ. ಅದನ್ನು ತಿರುಗಿಸಿ ಹಂಚಿಕೆಯನ್ನು ಪಡೆಯುವುದು ಎಲ್ಲರಿಗೂ ಗೊತ್ತಿರುವ ಹಾದಿ. ಸಂಕೋಚಕ ಫಂಕ್ಷನ್ ಬದಲಾದರೆ ಉತ್ತರ ಬದಲಾಗುತ್ತದೆ, ಯಾವ ಉತ್ತರವೂ ತಪ್ಪಿಹೋಗುವುದಿಲ್ಲ.

ಕೊರತೆಗಳು ಅಸಮವಾಗಿದ್ದರೂ ಈ ಸೂತ್ರ ಅಲುಗುವುದಿಲ್ಲ ಎಂಬುದೇ ನನಗೆ ಇದರಲ್ಲಿ ಪ್ರಿಯವಾದ ಗುಣ. ಒಂದು ಕೊರತೆ ಸೊನ್ನೆಯಾದರೆ ಸಂಕೋಚಕಕ್ಕೆ ಸೊನ್ನೆಯಲ್ಲದೆ ಬೇರೆ ಆಯ್ಕೆಯಿಲ್ಲ, ಆದ್ದರಿಂದ ಉತ್ತರ ಒಂದೇ. ಎರಡೂ ಸೊನ್ನೆಗಿಂತ ಹೆಚ್ಚಾದರೆ ಆಯ್ಕೆಗಳು ಅನಂತ. ಸಂಖ್ಯೆಗಳ ಸಮಸ್ಯೆಗೆ ರೋಲ್ಫ್ ನೆವಾನ್‌ಲಿನ್ನಾ 1922ರಲ್ಲಿಯೇ ನಾಲ್ಕು ಪೂರ್ಣ (ಇಡೀ ಸಂಕೀರ್ಣ ಸಮತಲದಲ್ಲಿ ಅನಲಿಟಿಕ್ ಆದ) ಫಂಕ್ಷನ್‌ಗಳನ್ನೂ ಒಂದು ಮುಕ್ತ ಫಂಕ್ಷನ್ ಪ್ರಾಚಲವನ್ನೂ ಬಳಸಿ ಎಲ್ಲ ಉತ್ತರಗಳ ಸೂತ್ರ ಕೊಟ್ಟಿದ್ದರು, ಆಪರೇಟರ್ ಸಿದ್ಧಾಂತ ಹುಟ್ಟುವುದಕ್ಕೆ ಮೊದಲೇ. ಆದರೆ ಮಾತೃಕೆಗೆ ಅದನ್ನು ಹಾಗೆಯೇ ಎಳೆದು ತರಲು ಸಾಮಾನ್ಯವಾಗಿ ಹ್ಯಾಂಕೆಲ್ ಚೌಕಗಳೆಲ್ಲ ಕಟ್ಟುನಿಟ್ಟಾಗಿ ಧನವಾಗಿರಬೇಕು, ಕೊರತೆಗಳು ಗರಿಷ್ಠವಾಗಿರಬೇಕು ಎಂಬಂಥ ಷರತ್ತುಗಳನ್ನು ಹೇರಬೇಕಾಗುತ್ತದೆ. ಚೌಕದ ನಿರ್ಧಾರಕ ಸೊನ್ನೆಯಾದರೆ ಲಂಬ ಬಹುಪದೋಕ್ತಿಗಳ ಲೆಕ್ಕ ನಡುವಲ್ಲೇ ಮುಗ್ಗರಿಸುತ್ತದೆ. ಆಪರೇಟರ್ ಹಾದಿಯಲ್ಲಿ ಮುಗ್ಗರಿಸುವ ಜಾಗವೇ ಇಲ್ಲ. ಉದ್ದ ಸೊನ್ನೆಯಾದ ಸದಿಶವನ್ನು ಸಾಲಿನಿಂದ ಬಿಟ್ಟು ಮುಂದೆ ಹೋದರಾಯಿತು. 2010ರ ಹೊತ್ತಿಗೆ ಖಾರ್ಕಿವ್‌ನಿಂದ ಬಂದ ಕೆಲಸವೊಂದು ಮಾಡಿದ್ದು ಇದನ್ನೇ: ಋಣವಲ್ಲ ಎಂಬುದೊಂದನ್ನು ಬಿಟ್ಟು ಬೇರೆ ಯಾವ ಷರತ್ತನ್ನೂ ಕೇಳದೆ, ಶ್ತ್ರಾಉಸ್ ಸೂತ್ರದ ಮೂಲಕ ಎಲ್ಲ ಉತ್ತರಗಳನ್ನೂ ವಿವರಿಸಿತು.

ಕೊರತೆಗಳನ್ನು ಕಣ್ಣಿಗೆ ಕಾಣದೆಯೇ ಸೊನ್ನೆ ಎಂದು ತಿಳಿಯುವ ಒಂದು ಒರೆಗಲ್ಲೂ ಇದೆ, ಅದನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಗಣಿತಜ್ಞ ಕಾರ್ಲೆಮನ್ 1920ರ ದಶಕದಲ್ಲಿ ತೋರಿಸಿದಂತೆ, ಸಮಸ್ಥಾನದ ಪ್ರತಿ ಮೊಮೆಂಟಿನಿಂದ ಅದರ ಸ್ಥಾನದಷ್ಟನೆಯ ಮೂಲವನ್ನು ತೆಗೆದು, ಅವುಗಳ ವಿಲೋಮಗಳನ್ನು ಕೂಡಿದಾಗ ಮೊತ್ತ ಅನಂತವಾದರೆ ಸಮಸ್ಯೆ ನಿಶ್ಚಿತ. ಮಾತೃಕೆಯಲ್ಲಿ ಕರ್ಣದ ಎನ್ ಪಟ್ಟಿಗಳೂ ಈ ಪರೀಕ್ಷೆಯಲ್ಲಿ ಗೆದ್ದರೆ ಜರುಗಿಕೆ ಸೆಲ್ಫ್ ಅಡ್ಜಾಯಿಂಟೇ ಆಗುತ್ತದೆ, ಕರ್ಣದಾಚೆ ಏನಿದೆ ಎಂದು ನೋಡಬೇಕಾಗಿಲ್ಲ. ಗಂಟೆಯಾಕಾರದ ಸಾಮಾನ್ಯ ಹಂಚಿಕೆ ಇದರಲ್ಲಿ ಗೆಲ್ಲುತ್ತದೆ. ಲಾಗ್‌ನಾರ್ಮಲ್‌ನಲ್ಲಿ ಆ ಮೊತ್ತ ಒಂದು ಗುಣೋತ್ತರ ಶ್ರೇಢಿಯಾಗಿ ಪರಿಮಿತವಾಗಿಬಿಡುತ್ತದೆ.

ಇಷ್ಟು ಹೊತ್ತು ಸೂತ್ರಗಳನ್ನು ಬಾಯಿಮಾತಿನಲ್ಲಿ ಹೇಳಿದ್ದೇನೆ, ಒಂದನ್ನಾದರೂ ಕೈಯಿಂದ ಬಿಡಿಸಿ ನೋಡದಿದ್ದರೆ ನ್ಯಾಯವಾಗದು. ಪಟ್ಟಿಯನ್ನು ಮೂರಕ್ಕೇ ಕತ್ತರಿಸೋಣ: ಒಟ್ಟು ಭಾರ 1, ಸರಾಸರಿ 0, ಎರಡನೆಯ ಮೊಮೆಂಟ್ 1. ಮಾತೃಕೆಯೂ ಬೇಡ, ಸಂಖ್ಯೆಯೇ ಇರಲಿ. ಎರಡೇ ಮಹಡಿ, ಎರಡೇ ಸದಿಶ, ಅವು ಪರಸ್ಪರ ಲಂಬ, ಉದ್ದ ಒಂದೊಂದು. ಆಕಾಶವೆಂದರೆ ಸಾಮಾನ್ಯ ಸಮತಲ. ಜರುಗಿಕೆ ಮೊದಲ ಸದಿಶವನ್ನು ಎರಡನೆಯದಕ್ಕೆ ಒಯ್ಯುತ್ತದೆ, ಎರಡನೆಯದನ್ನು ಎಲ್ಲಿಗೆ ಒಯ್ಯಬೇಕೆಂದು ಅದಕ್ಕೆ ಗೊತ್ತಿಲ್ಲ. ಆಕಾಶದೊಳಗಿನ ವಿಸ್ತರಣೆ ಎಂದರೆ ಆ ಗೊತ್ತಿಲ್ಲದ್ದನ್ನು ತುಂಬುವುದು. ಸಮಮಿತಿ ಉಳಿಯಬೇಕಾದ್ದರಿಂದ ಮಾತೃಕೆಯ ಮೊದಲ ಸಾಲು 0, 1 ಎಂದೂ ಎರಡನೆಯದು 1, ಬಿ ಎಂದೂ ಆಗಲೇಬೇಕು, ಬಿ ಯಾವ ವಾಸ್ತವ ಸಂಖ್ಯೆಯಾದರೂ ಆಗಬಹುದು. ಇದರ ಐಗನ್ ಬೆಲೆಗಳ ಗುಣಲಬ್ಧ −1, ಮೊತ್ತ ಬಿ. ಒಂದನ್ನು ಟಿ ಎಂದರೆ ಇನ್ನೊಂದು −1/ಟಿ. ಟಿ ಎಂಬ ಬಿಂದುವಿನಲ್ಲಿ 1/(1+ಟಿ²) ಭಾರ, −1/ಟಿ ಎಂಬಲ್ಲಿ ಟಿ²/(1+ಟಿ²) ಭಾರ. ಸರಾಸರಿ ಸೊನ್ನೆ, ಎರಡನೆಯ ಮೊಮೆಂಟ್ ಒಂದು ಎಂಬುದನ್ನು ನೀವೇ ಕೂಡಿ ನೋಡಿಕೊಳ್ಳಬಹುದು. ಬಿ ಸೊನ್ನೆಯಾದಾಗ ಟಿ ಒಂದು, ಆಗ ಸಿಗುವುದು ಒಂದು ಮತ್ತು ಋಣ ಒಂದರಲ್ಲಿ ಅರ್ಧರ್ಧ ಭಾರ, ಅಂದರೆ ನಾಣ್ಯ ಚಿಮ್ಮುವ ಆಟ.

ಉಳಿದ ಉತ್ತರಗಳು ಹೊರಗಿನವು. ಅವನ್ನು ಪಡೆಯಲು ಬಿ ಎಂಬ ಸಂಖ್ಯೆಯ ಬದಲು ಮೇಲಿನ ಅರ್ಧ ಸಮತಲದಲ್ಲಿ ಅನಲಿಟಿಕ್ ಆಗಿರುವ, ಕಾಲ್ಪನಿಕ ಭಾಗ ಎಲ್ಲಿಯೂ ಧನವಾಗದ ಫಂಕ್ಷನ್ ಒಂದನ್ನು ಇಡಬೇಕು. ಗಂಟೆಯಾಕಾರದ ಹಂಚಿಕೆ, ಋಣ √3 ರಿಂದ √3 ರವರೆಗೆ ಸಮನಾಗಿ ಹರಡಿದ ಹಂಚಿಕೆ, ಸರಾಸರಿ ಸೊನ್ನೆ ವಿಚಲನೆ ಒಂದು ಇರುವ ಪ್ರತಿಯೊಂದಕ್ಕೂ ತನ್ನದೇ ಆದ ಅಂಥ ಫಂಕ್ಷನ್ ಒಂದಿದೆ, ಒಂದೇ ಇದೆ. ಆದರೆ ಇಲ್ಲೊಂದು ನಿಬಂಧನೆ ಉಂಟು. ಕಾಲ್ಪನಿಕ ಅಕ್ಷದ ಮೇಲೆ ದೂರ ಹೋದಂತೆ ಆ ಫಂಕ್ಷನ್ ದೂರದಷ್ಟು ವೇಗವಾಗಿ ಬೆಳೆಯಕೂಡದು. ಪೂರ್ಣ ಪಟ್ಟಿ ಇದ್ದಾಗ ಇಂಥ ನಿಬಂಧನೆ ಬೇಕಾಗಿರಲಿಲ್ಲ, ಏಕೆಂದರೆ ಅಲ್ಲಿ ಜರುಗಿಕೆಗೆ ಗೊತ್ತಿರುವ ಸದಿಶಗಳು ಆಕಾಶವನ್ನು ದಟ್ಟವಾಗಿ ತುಂಬಿದ್ದವು. ಇಲ್ಲಿ ಅದಕ್ಕೆ ಗೊತ್ತಿರುವುದು ಒಂದೇ ದಿಕ್ಕು.

ನಿಬಂಧನೆಯ ಅರ್ಥ ವೃತ್ತವನ್ನು ನೋಡಿದರೆ ತಿಳಿಯುತ್ತದೆ. ಫಾನ್ ನಾಯ್ಮನ್ ಲೆಕ್ಕದಲ್ಲಿ ಒಳಗಿನ ಆಯ್ಕೆಗಳು ಒಂದು ಪೂರ್ತಿ ವೃತ್ತದಷ್ಟು, ಆದರೆ ಬಿ ಸಂಚರಿಸುವುದು ರೇಖೆಯ ಮೇಲೆ, ಅದಕ್ಕೆ ವೃತ್ತವನ್ನು ಮುಚ್ಚಲು ಒಂದು ಬಿಂದು ಕಡಿಮೆ ಬೀಳುತ್ತದೆ. ಆ ಬಿಂದು ಬಿ ಅನಂತವಾಗುವ ಸ್ಥಳ. ಟಿ ಸೊನ್ನೆಯನ್ನು ಸಮೀಪಿಸುವಂತೆ ಬಿಟ್ಟು ನೋಡಿ. ಟಿ ಬಿಂದುವಿನ ಭಾರ ಒಂದಕ್ಕೆ ಏರುತ್ತದೆ, ಇನ್ನೊಂದು ಬಿಂದು −1/ಟಿ ಅನಂತದ ಕಡೆಗೆ ಓಡುತ್ತದೆ, ಅಲ್ಲಿನ ಭಾರ ಕರಗಿಹೋಗುತ್ತದೆ, ಆದರೆ ಭಾರವನ್ನು ದೂರದ ವರ್ಗದಿಂದ ಗುಣಿಸಿದ ಬೆಲೆ ಮಾತ್ರ ಒಂದನ್ನು ಮುಟ್ಟುತ್ತದೆ. ಕೊನೆಗೆ ಸೊನ್ನೆಯಲ್ಲಿ ಇಡೀ ಭಾರ ಕುಳಿತಿರುತ್ತದೆ, ಸರಾಸರಿಯೂ ಸರಿಯಾಗಿರುತ್ತದೆ, ಎರಡನೆಯ ಮೊಮೆಂಟ್ ಮಾತ್ರ ರೇಖೆಯ ಮೇಲೆ ಎಲ್ಲಿಯೂ ಸಿಗುವುದಿಲ್ಲ.